ಚುಟ್ಟಾದವನೂ ಟೊಪ್ಪಿಗೆಯವನೂ

ಗಾಲ್ಫ್ ಎಂಬ ಆಟದ ಹೆಸರು ಕೇಳಿದರೆ ಸಾಕು, ಇಂದಿಗೂ ನನ್ನ ತಲೆ ಕೆಟ್ಟುಹೋಗುತ್ತದೆ. ಹಾಗೆಂದು ನಾನು ಆ ಆಟ ಆಡಿ ಸೋತವನು ಎಂದು ತಿಳಿಯಬೇಡಿ. ಜನ್ಮದಲ್ಲಿ ಒಮ್ಮೆಯೂ ಆ ಕೋಲು ಮುಟ್ಟಿದವನಲ್ಲ ನಾನು. ಊರು ಮೂಡಲಗಿ, ಹೊಟ್ಟೆಪಾಡು ಗೋಕಾಕ ಫಾಲ್ಸಿನ ಗಿರಣಿಯ ಆಫೀಸಿನಲ್ಲಿ ಕಾರಕೂನಿಕೆ. ಕುಳಿತು ಬರೆಯುವುದರಲ್ಲೇ ಸೊಂಟ ಹಿಡಿದುಹೋಗಿತ್ತು, ಇನ್ನು ಚೆಂಡಿನ ಹಿಂದೆ ಮೈಲುಗಟ್ಟಲೆ ನಡೆಯುವ ಶೋಕಿ ಎಲ್ಲಿಂದ ಬರಬೇಕು? ಆದರೂ ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ಅಮೆರಿಕಾದಲ್ಲಿ ಇಬ್ಬರು ಗೃಹಸ್ಥರು ಹಟ ಹಿಡಿದು ಆಡಿದ ಒಂದು ಪಂದ್ಯ ಹತ್ತರಗಿಯಲ್ಲಿರುವ ನನ್ನ ಮಾವನವರ ಪಡಸಾಲೆಗೆ ನುಗ್ಗಿ, ಶ್ರಾವಣದಿಂದ ದಸರೆಯವರೆಗೆ ನನ್ನನ್ನು ಹುರಿದು ಮುಕ್ಕಿತು. ಅದರ ಸಂಕಟ ಯಾರ ಮುಂದಾದರೂ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ. ನೀವು ಕೇಳಲೇಬೇಕು.

ಮೊದಲು ಆ ಆಟದ ಲಕ್ಷಣ ಹೇಳುತ್ತೇನೆ. ನಮ್ಮ ಗಿರಣಿಯ ದೊಡ್ಡ ಸಾಹೇಬರಿಗೆ ಅದರ ಹುಚ್ಚು ನೆತ್ತಿಗೇರಿತ್ತು. ಫಾಲ್ಸಿನ ಮೇಲ್ಭಾಗದ ಬಯಲಿನಲ್ಲಿ, ಕರಿಕಲ್ಲು ಮತ್ತು ಕವಳಿಕಂಟಿಗಳ ನಡುವೆ, ಅಲ್ಲಲ್ಲಿ ನೆಲ ಕೆತ್ತಿಸಿ ಮುಷ್ಟಿಯಷ್ಟು ಗುಳಿ ತೋಡಿಸಿದ್ದರು. ಕವಡೆಯಂತೆ ಬೆಳ್ಳಗಿನ ಒಂದು ಚೆಂಡನ್ನು ಬಾಗಿದ ಕೋಲಿನಿಂದ ಹೊಡೆಯುತ್ತ ಹೊಡೆಯುತ್ತ ಹೋಗಿ ಆ ಗುಳಿಗೆ ಬೀಳಿಸಬೇಕು. ಬಿತ್ತೋ, ಅದನ್ನು ತೆಗೆದು ಮುಂದಿನ ಗುಳಿಯ ಕಡೆಗೆ ಮತ್ತೆ ಹೊಡೆಯಬೇಕು. ಬೀಳಿಸುವುದೇ ಪುರುಷಾರ್ಥವಾದರೆ ತೆಗೆಯುವುದೇಕೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಒಟ್ಟು ಎಲ್ಲ ಗುಳಿಗಳನ್ನೂ ಯಾರು ಕಡಿಮೆ ಹೊಡೆತಗಳಲ್ಲಿ ಮುಗಿಸುತ್ತಾರೋ ಅವರು ಗೆದ್ದಂತೆ. ಕಡಿಮೆ ಎಂಬ ಈ ಮಾತನ್ನು ದಯವಿಟ್ಟು ನೆನಪಿಡಿ. ಇದೊಂದು ಮಾತನ್ನು ಹತ್ತರಗಿಯವರ ತಲೆಗೆ ಹಾಕಲು ಹೋಗಿ ನನ್ನ ಗಂಟಲು ಒಣಗಿಹೋಗಿದೆ.

ಸ್ಕಾಟ್ಲೆಂಡಿನ ಕುರಿ ಕಾಯುವವರು ಹೊತ್ತು ಹೋಗದೆ ಕೋಲಿನಿಂದ ಕಲ್ಲು ಹೊಡೆದು ಮೊಲದ ಬಿಲಕ್ಕೆ ಬೀಳಿಸುತ್ತ ಈ ಆಟ ಹುಟ್ಟಿಸಿದರಂತೆ. ನಮ್ಮ ಹುಕ್ಕೇರಿ ಸೀಮೆಯಲ್ಲೂ ಕುರಿ ಕಾಯುವವರಿದ್ದಾರೆ, ಕೋಲಿದೆ, ಕಲ್ಲಿಗಂತೂ ಬರವಿಲ್ಲ, ಮೊಲಗಳೂ ಬೇಕಾದಷ್ಟಿವೆ. ಆದರೆ ನಮ್ಮವರು ಮೊಲವನ್ನೇ ಹೊಡೆದರು, ಬಿಲದ ಗೊಡವೆಗೆ ಹೋಗಲಿಲ್ಲ. ನಾನು ಇದನ್ನು ನಮ್ಮವರ ವ್ಯವಹಾರಜ್ಞಾನ ಎಂದೇ ಭಾವಿಸುತ್ತೇನೆ.

ಸಾಹೇಬರ ಇನ್ನೊಂದು ಚಾಳಿ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ವಿಲಾಯತಿಯಿಂದ ಅವರಿಗೆ ಹಡಗಿನ ಟಪಾಲಿನಲ್ಲಿ ದಿನಪತ್ರಿಕೆಗಳ ಗಂಟು ಬರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಗಂಟು ಬಿಚ್ಚಿ ಕಟ್ಟಕಡೆಯ ಪತ್ರಿಕೆಯನ್ನು ಮೊದಲು ನೋಡುತ್ತಿದ್ದರು. ಇವರು ಹಾಗಲ್ಲ. ತಿಂಗಳು ಕಳೆದ ಆ ಹಳಸಲು ಪತ್ರಿಕೆಗಳನ್ನು ದಿನಕ್ಕೊಂದರಂತೆ, ಬೆಳಗಿನ ಚಹಾದೊಡನೆ, ಅವತ್ತೇ ಅಚ್ಚಾಗಿ ಬಂದದ್ದೇನೋ ಎಂಬ ಗಾಂಭೀರ್ಯದಿಂದ ಓದುತ್ತಿದ್ದರು. ಮಧ್ಯದಲ್ಲಿ ಶಿಕಾರಿಗೆ ಹೋದರೆ ಲೋಕವೇ ಅಲ್ಲಿಗೆ ನಿಂತಿರುತ್ತಿತ್ತು, ತಿರುಗಿ ಬಂದ ಮೇಲೆ ಮುಂದುವರಿಯುತ್ತಿತ್ತು. ಆ ಮಳೆಗಾಲದಲ್ಲಂತೂ ಶಿಕಾರಿಯೇ ಹೆಚ್ಚಾಗಿ, ವಾರಕ್ಕೆ ಒಂದು ಪತ್ರಿಕೆ ಮುಗಿದರೆ ಹೆಚ್ಚು. ಮುಂದೆ ಏನಾಯಿತೆಂದು ಯಾರೂ ಅವರ ಎದುರು ಉಸಿರೆತ್ತುವಂತಿರಲಿಲ್ಲ. ಓದಿ ಮುಗಿದ ಪತ್ರಿಕೆಗಳು ಶನಿವಾರ ಆಫೀಸಿಗೆ ಬರುತ್ತಿದ್ದವು. ಅವನ್ನು ನಾನು ಮನೆಗೆ ಒಯ್ಯುತ್ತಿದ್ದೆ. ಜ್ಞಾನಾರ್ಜನೆಗೆ ಎಂದು ನಾನು ಹೇಳುತ್ತಿದ್ದೆ, ಡಬ್ಬಿಗೆ ಹಾಸಲು ಎಂದು ನನ್ನ ಹೆಂಡತಿ ಗಂಗವ್ವ ಹೇಳುತ್ತಿದ್ದಳು.

ಎಲ್ಲ ಅನರ್ಥಕ್ಕೂ ಗೋಕಾಕದ ಕರದಂಟೇ ಕಾರಣ. ತವರಿಗೆ ಹೊರಟಾಗ ಗಂಗವ್ವ ಕರದಂಟನ್ನು ಈ ಪತ್ರಿಕೆಯೊಂದರಲ್ಲಿ ಸುತ್ತಿಕೊಂಡಳು. ಹತ್ತರಗಿ ಮುಟ್ಟಿ ಪುಡಿಕೆ ಬಿಚ್ಚಿದರೆ, ತುಪ್ಪದ ಕಲೆಗಳ ನಡುವೆ ಇಬ್ಬರು ಆಟಗಾರರ ಚಿತ್ರ. ಒಬ್ಬ ಬಾಯಲ್ಲಿ ಹೆಬ್ಬೆರಳು ಗಾತ್ರದ ಚುಟ್ಟಾ ಕಚ್ಚಿಕೊಂಡು ನಿಂತಿದ್ದಾನೆ. ಇನ್ನೊಬ್ಬ ತಲೆಗೆ ಟೊಪ್ಪಿಗೆ ಇಟ್ಟು ಕೋಲು ಎತ್ತಿದ್ದಾನೆ. ಸುತ್ತ ಸಾವಿರಾರು ಜನ. ಮಾವನವರು ಕರದಂಟನ್ನು ಬದಿಗೆ ಸರಿಸಿ ಚಿತ್ರ ಹಿಡಿದು ಕುಳಿತುಬಿಟ್ಟರು.

“ಏನ್ರಿ ಅಳಿಯಾರ, ಇಷ್ಟ ಮಂದಿ ಕೂಡ್ಯಾರ, ಯಾವ ಜೋಡಿ ಇದು?”

ಜೋಡಿ ಎಂದರೆ ಅವರ ಭಾಷೆಯಲ್ಲಿ ಕುಸ್ತಿಯ ಜೋಡಿ. ಮಾವ ಶಿವಲಿಂಗಪ್ಪನವರು ಹರೆಯದಲ್ಲಿ ಸುತ್ತಲಿನ ಕಣಗಳಲ್ಲೆಲ್ಲ ಮಣ್ಣು ಹಚ್ಚಿಕೊಂಡು ಬಂದವರು. ಈಗ ಹೊಲ, ಎತ್ತು, ಊರ ಕಟ್ಟೆಯ ನ್ಯಾಯ ಇಷ್ಟರಲ್ಲಿ ಇದ್ದರೂ, ಲೋಕದ ಎಲ್ಲ ವ್ಯವಹಾರವನ್ನೂ ಇಬ್ಬರು ಪೈಲವಾನರ ಹಿಡಿತವಾಗಿಯೇ ನೋಡುತ್ತಿದ್ದರು. ಸರಕಾರ ಮತ್ತು ಕಾಂಗ್ರೆಸ್ಸಿನವರದೂ ಒಂದು ಜೋಡಿ, ಮಳೆ ಮತ್ತು ಬಿತ್ತನೆಯದೂ ಒಂದು ಜೋಡಿ. ಅತ್ತೆಯವರ ಜೊತೆಗಿನ ಅವರ ಸಂಸಾರವಂತೂ ಇನ್ನೂ ಮುಗಿಯದ ಜೋಡಿ ಎಂದು ಅವರೇ ನಗುತ್ತ ಹೇಳುತ್ತಿದ್ದರು. ನಾನು ಅಳಿಯನ ಹುಮ್ಮಸ್ಸಿನಲ್ಲಿ, ನನ್ನ ಇಂಗ್ಲಿಷಿನ ಪ್ರದರ್ಶನಕ್ಕೂ ಒಂದು ಸಂದರ್ಭ ಸಿಕ್ಕಿತೆಂದು, ಅಮೆರಿಕಾದ ಅತಿ ದೊಡ್ಡ ಗಾಲ್ಫ್ ಪಂದ್ಯ ಇದು, ಗೆದ್ದವನಿಗೆ ವರ್ಷವಿಡೀ ಲೋಕವೆಲ್ಲ ಮುಜುರೆ ಮಾಡುತ್ತದೆ ಎಂದು ವಿವರಿಸಿದೆ. ಆ ಹೊತ್ತಿಗೆ ನನ್ನ ಬಾಯಿಗೆ ಆ ಕರದಂಟು ತುರುಕಿದ್ದರೆ ಎಷ್ಟು ಚೆನ್ನಾಗಿತ್ತು!

ಮಾವನವರಿಗೆ ಆಗ ಮನೆಯಲ್ಲೇ ಒಂದು ಜೋಡಿ ಬಗೆಹರಿಯದೆ ಕುಳಿತಿತ್ತು. ಗಂಗವ್ವನ ತಂಗಿ ಪಾರವ್ವ ಕನ್ನಡ ಶಾಲೆಯ ಕೊನೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿ, ಹೊಲಿಗೆ ಕಲಿತು, ಇಪ್ಪತ್ತರ ಹತ್ತಿರ ಬಂದಿದ್ದಳು. ಎರಡು ಕಡೆಯಿಂದ ಕೇಳಿ ಬಂದಿದ್ದರು. ಕಣಗಲಾದ ತಂಬಾಕು ವ್ಯಾಪಾರದ ಮನೆಯವರೊಬ್ಬರು, ಮಮದಾಪುರದ ಒಕ್ಕಲುತನದ ಮನೆಯವರೊಬ್ಬರು. ಕಣಗಲಾದವರು ಮಾವನವರ ತಾಯಿಯ ಕಡೆಯ ಬೀಗರು, ಮಮದಾಪುರದವರು ಅತ್ತೆಯವರ ಕಡೆಯವರು. ಇಬ್ಬರದೂ ಲಿಂಗವಂತರ ಒಳ್ಳೆಯ ಮನೆತನ, ಇಬ್ಬರೂ ಹುಡುಗರು ಗಟ್ಟಿಮುಟ್ಟು. ಒಬ್ಬರಿಗೆ ಹೂಂ ಅಂದರೆ ಇನ್ನೊಬ್ಬರು ಜನ್ಮವಿಡೀ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಮಗಳನ್ನು ಕೇಳಿದರೆ, “ನೀವ ಎಲ್ಲಿ ಕೊಟ್ರ ಅಲ್ಲಿ ಹೋಗ್ತೇನಿ” ಎಂದು ನೆಲ ನೋಡಿದಳು. ಅಪ್ಪನ ಎದುರಿಗೆ ಹುಡುಗಿಯರು ಆಗ ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಕೊನೆಗೆ ವೀರಭದ್ರ ದೇವರಲ್ಲಿ ಹೂವಿನ ಪ್ರಸಾದ ಕೇಳಿದರು. ದೇವರ ಮೈಗೆ ಹಚ್ಚಿದ ಹೂವು ಬಲಗಡೆ ಬಿದ್ದರೆ ಕಣಗಲಾ, ಎಡಗಡೆ ಬಿದ್ದರೆ ಮಮದಾಪುರ. ಮಳೆಗಾಲದ ತಂಪಿಗೋ, ಪೂಜಾರಿ ನೀರು ಹೆಚ್ಚು ಹಚ್ಚಿದ್ದಕ್ಕೋ, ಬಹಳ ಹೊತ್ತು ಒಂದೂ ಅಲ್ಲಾಡಲಿಲ್ಲ. ಆಮೇಲೆ ಬಲಕ್ಕೊಂದು ಎಡಕ್ಕೊಂದು ಒಮ್ಮೆಲೇ ಬಿದ್ದವು. ದೇವರೇ ಕೈಚೆಲ್ಲಿದ ಮೇಲೆ ಮನುಷ್ಯ ಏನು ಮಾಡಬೇಕು?

ಏನು ಮಾಡಬೇಕೆಂಬುದು ಮಾವನವರಿಗೆ ಆ ಕರದಂಟಿನ ಕಾಗದ ನೋಡಿದಾಗ ಹೊಳೆಯಿತು. ಮರುದಿನ ಕಟ್ಟೆಯ ಮೇಲೆ, ಹಿರಿಯರೆಲ್ಲರ ಮುಂದೆ, ಘೋಷಿಸಿಯೇಬಿಟ್ಟರು.

“ಚುಟ್ಟಾದಾಂವ ಕಣಗಲಾದವರ ಪೈಕಿ, ಯಾಕಂದ್ರ ಅವರದು ತಂಬಾಕಿನ ಮನಿ. ಟೊಪ್ಪಿಗಿಯಾಂವ ಮಮದಾಪುರದವರ ಪೈಕಿ, ಆ ಹುಡುಗ ಗಾಂಧಿ ಟೊಪ್ಪಿಗಿ ಹಾಕ್ತಾನ. ಯಾರ ಗೆಲ್ತಾರೋ ಅವರ ಮನಿಗೆ ನನ್ನ ಮಗಳು. ಅಮೆರಿಕಾದಾಗ ಯಾರೂ ನಮ್ಮ ಬೀಗರಿಲ್ಲ, ಯಾರೂ ವಶೀಲಿ ಹಚ್ಚಾಕ ಬರೂದಿಲ್ಲ. ಇದಕ್ಕಿಂತ ನ್ಯಾಯ ಎಲ್ಲೈತಿ?”

ನಾನು ಹೌಹಾರಿದೆ. ಮಾವನವರೇ, ಇದೇನು ಹುಡುಗಾಟಿಕೆ ಎಂದೆ. ಪೇಪರಿನಲ್ಲಿರುವುದು ತಿಂಗಳ ಹಿಂದಿನ ಸುದ್ದಿ, ಆ ಪಂದ್ಯ ಎಂದೋ ಮುಗಿದಿದೆ ಎಂದೆ. “ಮುಗದಿದ್ರ ಮತ್ತೂ ಚಲೋ, ಇನ್ನ ಯಾರೂ ಬದಲ ಮಾಡಾಕ ಬರೂದಿಲ್ಲ” ಎಂದರು. ಎರಡೂ ಮನೆಯವರಿಗೆ ಹೇಳಿಕಳಿಸಿದರು. ಆಶ್ಚರ್ಯವೆಂದರೆ ಎರಡೂ ಮನೆಯವರು ಒಪ್ಪಿದರು! ಬೀಗರ ಕೈಯಲ್ಲಿ ಸೋಲುವುದಕ್ಕಿಂತ ಅಮೆರಿಕಾದವನ ಕೈಯಲ್ಲಿ ಸೋಲುವುದು ಮರ್ಯಾದೆಯೆಂದು ಅವರಿಗೆ ಅನ್ನಿಸಿರಬೇಕು. ಅತ್ತೆಯವರು ಮಾತ್ರ ಒಳಗಿನಿಂದ, “ಹುಡುಗಿನ್ನ ಎಮ್ಮಿ ಹಂಗ ಹರಾಜ ಹಾಕಾಕತ್ತಾರ” ಎಂದು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟರು. ಪತ್ರಿಕೆ ಓದುವ ಪೌರೋಹಿತ್ಯ ನನ್ನ ಕೊರಳಿಗೆ ಬಿತ್ತು.

ಮುಂದಿನ ಭಾನುವಾರದಿಂದ ನನ್ನ ಗೋಳು ಸುರುವಾಯಿತು. ಗೋಕಾಕದಿಂದ ಹತ್ತರಗಿಗೆ ಸರ್ವಿಸ್ ಮೋಟಾರಿನಲ್ಲಿ, ಒಬ್ಬರ ಕೋಳಿ ಇನ್ನೊಬ್ಬರ ಬುಟ್ಟಿ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು, ಕೆಸರಿನಲ್ಲಿ ಇಳಿದು ತಳ್ಳಿ, ಮತ್ತೆ ಹತ್ತಿ ಹೋಗಿ ಮುಟ್ಟಿದರೆ ಕಟ್ಟೆ ತುಂಬ ಜನ. ಬಿತ್ತಿದ ಜೋಳವನ್ನು ಮರೆತು ಕುಳಿತಿದ್ದಾರೆ! ನಾನು ಓದಿದೆ. ನಾಲ್ಕು ಸುತ್ತಿನ ಪಂದ್ಯ. ಮೂರು ಸುತ್ತು ಮುಗಿದಾಗ ಟೊಪ್ಪಿಗೆಯವನು ಚುಟ್ಟಾದವನಿಗಿಂತ ಎರಡು ಹೊಡೆತ ಕಡಿಮೆ ಹೊಡೆದು ಮುಂದಿದ್ದ.

“ಕಡಿಮಿ ಹೊಡದು ಮುಂದ ಹೆಂಗ ಇರ್ತಾನ್ರಿ?” ಎಂದರು ಮಾವನವರು. “ಹಿಂದ ಇದ್ದಾನ ಅನ್ರಿ.”

“ಇಲ್ಲರೀ, ಈ ಆಟದೊಳಗ ಕಡಿಮಿ ಹೊಡದಾಂವನ ಗೆಲ್ಲೂದು.”

ಕಟ್ಟೆಗೆ ಕಟ್ಟೆಯೇ ನಕ್ಕಿತು. ಚಿಣಿದಾಂಡಿನಲ್ಲಿ ಹೆಚ್ಚು ಹೊಡೆದವನು ಗೆಲ್ಲುತ್ತಾನೆ. ಗರಡಿಯಲ್ಲಿ ಹೆಚ್ಚು ದಂಡ ಹೊಡೆದವನು ಗಟ್ಟಿಗ. ಹೊಲದಲ್ಲಿ ಹೆಚ್ಚು ಕುಂಟೆ ಹೊಡೆದವನಿಗೆ ಹೆಚ್ಚು ಬೆಳೆ. ಮೈಮುರಿದು ಹೊಡೆದವನು ಸೋತು, ಮೈಗಳ್ಳ ಗೆಲ್ಲುವ ಆಟ ಭೂಮಿಯ ಮೇಲೆ ಇರಲು ಸಾಧ್ಯವೇ? “ನಿಮ್ಮ ಗಿರಣಿಯಾಗ ಕಡಿಮಿ ಕೆಲಸ ಮಾಡಿದಾಂವಗ ಹೆಚ್ಚ ಪಗಾರ ಕೊಡ್ತಾರೇನ್ರಿ?” ಎಂದು ಒಬ್ಬ ಹಿರಿಯರು ಕೇಳಿದರು. ಕೊಡುವುದನ್ನು ನಾನು ಕಣ್ಣಾರೆ ಕಂಡಿದ್ದೆ, ಆದರೆ ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ನಾನು ನೆಲದ ಮೇಲೆ ಗುಳಿ ಬರೆದು, ಜೋಳದ ಕಾಳನ್ನು ಚೆಂಡು ಮಾಡಿ ತೋರಿಸಿದೆ. ಒಂದು ಕೋಳಿ ಬಂದು ಚೆಂಡು ನುಂಗಿತು. ಮತ್ತೆ ತೋರಿಸಿದೆ. ಮಾವನವರು ಗಡ್ಡ ಸವರುತ್ತ ಕೊನೆಯವರೆಗೂ ಸಮಾಧಾನದಿಂದ ಕೇಳಿ, “ಅಳಿಯಾರ, ನೀವು ಇಂಗ್ಲಿಷ್ ಚಲೋ ಓದ್ತೀರಿ. ಆದರ ಆಟ ನಮಗ ಬಿಡ್ರಿ” ಎಂದರು. ಹೀಗೆ ಹತ್ತರಗಿಯ ಕಟ್ಟೆ ಅಮೆರಿಕಾದ ನಿಯಮವನ್ನು ತಿದ್ದಿತು. ನನ್ನ ಮೂಗಿನ ತುದಿಗೆ ಬಂದ ಸಿಟ್ಟನ್ನು ಶೇಂಗಾದ ಚಟ್ನಿಯ ಜೊತೆ ನುಂಗಿ ಗೋಕಾಕಕ್ಕೆ ಮರಳಿದೆ.

ಅದರ ಮುಂದಿನ ಪತ್ರಿಕೆ ಬಂದಾಗ ನೋಡಿದರೆ, ನಾಲ್ಕೂ ಸುತ್ತು ಮುಗಿದು ಇಬ್ಬರೂ ಸಮ ಸಮ! ಟೊಪ್ಪಿಗೆಯವನು ಕಟ್ಟಕಡೆಯ ಗುಳಿಯಲ್ಲಿ ದೂರದಿಂದ ಚೆಂಡು ಹಾಕಿ ಸಮ ಮಾಡಿಕೊಂಡಿದ್ದ. ಕಟ್ಟೆಯ ಮೇಲೆ ಓದಿದೆ. ಮಾವನವರ ಮುಖ ಅರಳಿತು.

“ಅಂದ್ರ ಬರೋಬರಿ ಆತು. ಇಬ್ಬರಿಗೂ ರುಮಾಲ ಸುತ್ತಿ, ಕಾಯಿ ಕೊಟ್ಟು, ಹೆಗಲ ಮ್ಯಾಲೆ ಹೊತ್ತು ಮೆರಸ್ಯಾರ. ಮುಗೀತಲ್ಲ?”

ನಮ್ಮ ಕಡೆ ಕುಸ್ತಿ ಹಾಗೆಯೇ ಮುಗಿಯುವುದು. ಇಬ್ಬರು ಪೈಲವಾನರು ಬಹಳ ಹೊತ್ತು ಹಿಡಿದೂ ಚಿತ್ ಆಗದಿದ್ದರೆ ಹಿರಿಯರು ಕೈಬಿಡಿಸಿ, ಎರಡೂ ಕೈ ಎತ್ತಿ, ಇಬ್ಬರಿಗೂ ರುಮಾಲು ಸುತ್ತಿಸುತ್ತಾರೆ. ನೋಡಿದವರಿಗೂ ಸಮಾಧಾನ, ಆಡಿದವರಿಗೂ ಮಾನ. ಆದರೆ ಅಮೆರಿಕಾದವರಿಗೆ ರುಮಾಲೂ ಇಲ್ಲ, ಸಮಾಧಾನವೂ ಇಲ್ಲ. ಮರುದಿನ ಮತ್ತೆ ಎರಡು ಸುತ್ತು ಆಡಬೇಕಂತೆ ಎಂದು ಹೇಳಿದೆ. ಜನ ಬೇಸರದಿಂದ ಎದ್ದುಹೋದರು. ದೂಷಣೆ ಎಲ್ಲ ನನಗೆ, ನಾನೇ ಆಡಲು ಹೇಳಿದೆನೋ ಎಂಬಂತೆ.

ಮತ್ತೊಂದು ಭಾನುವಾರ, ಮತ್ತೊಂದು ಪತ್ರಿಕೆ. ಆ ಎರಡು ಸುತ್ತನ್ನೂ ಆಡಿ ಆ ಪುಣ್ಯಾತ್ಮರು ಮತ್ತೆ ಸಮವಾಗಿದ್ದರು! ನಂಬಿ, ಇದು ನನ್ನ ಕಟ್ಟುಕತೆಯಲ್ಲ. ಅಲ್ಲಿನ ಬೇಸಿಗೆಯ ಕೆಂಡದಂಥ ಬಿಸಿಲಿನಲ್ಲಿ ಬೆವರು ಸುರಿಸಿ, ಎಷ್ಟೋ ಹರದಾರಿ ನಡೆದು, ಒಬ್ಬ ಚುಟ್ಟಾದ ಮೇಲೆ ಚುಟ್ಟಾ ಸುಟ್ಟು, ಕಡೆಗೆ ಮೊದಲಿದ್ದಲ್ಲಿಗೇ ಬಂದು ನಿಂತರು. ಅದರ ಮರುದಿನ ಇನ್ನೂ ಎರಡು ಸುತ್ತು ಆಡುವುದೆಂದು ನಿಶ್ಚಯವಾಯಿತಂತೆ. ಒಬ್ಬನಾದರೂ ಹೊಟ್ಟೆನೋವು ಎಂದು ಮಲಗಬಾರದೇ? ಒಬ್ಬನಾದರೂ, ಇರಲಿ ಬಿಡಣ್ಣಾ ನೀನೇ ಗೆದ್ದೆ ಎನ್ನಬಾರದೇ? ಸಂಸಾರವಂತರು ಹೀಗೆ ಆಡುತ್ತಾರೆಯೇ? ಮೋಟಾರಿನಲ್ಲಿ ಕೋಳಿ ಹಿಡಿದು ಕುಳಿತವನ ಕಷ್ಟ ಇವರಿಗೇನು ಗೊತ್ತು?

ಕಡೆಯ ಪತ್ರಿಕೆಯನ್ನಂತೂ ಸಾಹೇಬರ ನಾಯಿ ಹರಿದುಹಾಕಿತು. ಸಾಹೇಬರು ಒಂದು ವಾರ ಯಾರೊಂದಿಗೂ ಮಾತಾಡಲಿಲ್ಲ. ನಾಯಿಯೊಂದಿಗೆ ಮಾತ್ರ ಮಾತಾಡಿದರು, ಅದೂ ನಮ್ಮೆದುರು ಹೇಳಬಾರದ ಮಾತು. ಬೆಳಗಾವಿಯ ಯಾರೋ ಗೆಳೆಯರಿಂದ ಅದೇ ಪತ್ರಿಕೆ ತರಿಸುವವರೆಗೆ ಆಟ ಅಲ್ಲಿಗೇ ನಿಂತಿತು. ಇತ್ತ ಹತ್ತರಗಿಯಲ್ಲಿ ಮಾತು ಬೆಳೆಯುತ್ತಿತ್ತು. ಶಿವಲಿಂಗಪ್ಪನ ಮಗಳ ಮದುವೆಯನ್ನು ಅಮೆರಿಕಾದ ನಾಯಿ ತಿಂದಿತು ಎಂದು ಹೆಂಗಸರು ಬಾವಿಯ ಹತ್ತಿರ ನಗುತ್ತಿದ್ದರಂತೆ. ದಸರೆಯ ಬನ್ನಿಯ ದಿನ ಎರಡೂ ಮನೆಯ ಹಿರಿಯರು ಬರುವುದು, ಅವತ್ತು ಏನಾದರೂ ಆಗಲಿ ತೀರ್ಪು ಹೇಳುವುದು ಎಂದು ಮಾವನವರು ಗಡುವು ಹಾಕಿದರು.

ಆ ಗಡುವಿನ ಮುಂಚಿನ ಭಾನುವಾರ ಗಂಗವ್ವನೊಡನೆ ಬರಿಗೈಯಲ್ಲಿ ಹತ್ತರಗಿಗೆ ಹೋಗಿದ್ದೆ. ಹಿತ್ತಲಲ್ಲಿ ಪಾರವ್ವ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಕೈತೊಳೆಯಲು ಹೋದ ನನ್ನನ್ನು ನೋಡದೆಯೇ ಹೇಳಿದಳು.

“ಮಾಮಾ, ಟೊಪ್ಪಿಗಿಯಾಂವ ಗೆಲ್ಲಬೇಕ್ರಿ.”

“ನಾ ಏನ ಮಾಡ್ಲಿ ಪಾರವ್ವಾ? ಅವನ ಕೋಲು ನನ್ನ ಕೈಯಾಗ ಐತೇನು?”

“ಪೇಪರ ನಿಮ್ಮ ಕೈಯಾಗ ಐತೆಲ್ರಿ. ಊರಾಗ ಮತ್ತ ಯಾರಿಗೂ ಇಂಗ್ಲಿಷ್ ಓದಾಕ ಬರೂದಿಲ್ಲ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಚ್ಚಾದ ಅಕ್ಷರದ ಪಾವಿತ್ರ್ಯ, ಸತ್ಯದ ಮಹಿಮೆ, ಮಾವನವರು ನನ್ನ ಮೇಲಿಟ್ಟ ಭರವಸೆ, ಇವನ್ನೆಲ್ಲ ಕುರಿತು ಒಂದು ಉಪನ್ಯಾಸ ಮಾಡಿದೆ. ಪೇಪರಿನಲ್ಲಿ ಏನಿದೆಯೋ ಅದನ್ನೇ ಓದುತ್ತೇನೆ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ ಎಂದೆ. ಅವಳು ಸುಲಿಯುತ್ತಲೇ ಇದ್ದಳು. ಒಂದು ಶೇಂಗಾ ಒಡೆಯದಿದ್ದಾಗ ಹಲ್ಲಿನಿಂದ ಕಚ್ಚಿದಳು. ಕಣ್ಣಲ್ಲಿ ನೀರಿತ್ತು. ಅದನ್ನು ನಾನು ನೋಡಿದೆನೆಂದು ಅವಳಿಗೆ ಗೊತ್ತಾಗಿ, ಮೊರ ಎತ್ತಿಕೊಂಡು ಒಳಗೆ ಹೋದಳು.

ಅಂದು ಗೋಕಾಕಕ್ಕೆ ಮರಳುವಾಗ ಮೋಟಾರಿನಲ್ಲಿ ಗಂಗವ್ವ ನನಗೆ ಛೀಮಾರಿ ಹಾಕಿದಳು. ಹುಡುಗಿ ನೋಡಲು ಬಂದಾಗ ಕಣಗಲಾದವನು ಮನೆಯ ತೊಲೆಗಳನ್ನೂ ಗ್ವಾದಲಿಯ ಎತ್ತುಗಳನ್ನೂ ನೋಡಿಕೊಂಡು ಹೋದನಂತೆ. ಮಮದಾಪುರದವನು ನೀರು ಕುಡಿದ ತಂಬಿಗೆಯನ್ನು ತಾನೇ ತೊಳೆದು, ಬೋರಲು ಹಾಕಿ ಹೋದನಂತೆ. “ಅಷ್ಟ ಸಾಕಾತು ಆಕಿಗೆ. ನೀವು ಅಲ್ಲೇ ಕುಂತಿದ್ರಿ. ನಿಮಗ ಕಾಣಲಿಲ್ಲೇನು?” ಎಂದು ಕೇಳಿದಳು. ಕಾಣಲಿಲ್ಲ. ಎರಡೂ ಸಲ ನಾನು ಬಂದವರಿಗೆ ರೌಂಡ್ ಟೇಬಲ್ ಪರಿಷತ್ತಿನ ಕುರಿತು ವಿವರಿಸುತ್ತಿದ್ದೆ.

ಬನ್ನಿಯ ಮುನ್ನಾದಿನ ಪತ್ರಿಕೆ ಬಂತು. ಸಾಹೇಬರು ಬೆಳಗಿನ ಚಹಾ ಮುಗಿಸುವವರೆಗೆ ನಾನು ಅವರ ಬಂಗಲೆಯ ಮುಂದೆ ಕಾವಲುಗಾರನಂತೆ ನಿಂತಿದ್ದೆ. ಕೈಗೆ ಸಿಕ್ಕಾಗ ಅಲ್ಲೇ ಓದಿದೆ. ಕೊನೆಯ ಎರಡು ಸುತ್ತು: ಚುಟ್ಟಾದವನು ನೂರ ನಲವತ್ತೆಂಟು ಹೊಡೆತ, ಟೊಪ್ಪಿಗೆಯವನು ನೂರ ನಲವತ್ತೊಂಬತ್ತು. ಇಷ್ಟು ದಿನಗಳ ಬಡಿದಾಟದ ಕೊನೆಗೆ ಒಂದೇ ಒಂದು ಹೊಡೆತದಿಂದ ಚುಟ್ಟಾದವನು ಗೆದ್ದಿದ್ದ! ಕಣಗಲಾ ಗೆದ್ದಿತ್ತು. ನನಗೆ ಆ ಮನುಷ್ಯನ ಮೇಲೆ ಬಂದ ಸಿಟ್ಟು ಹೇಳತೀರದು. ಏಳು ಸಮುದ್ರದಾಚೆ ಒಂದು ಚೆಂಡು ಗುಳಿಯ ಅಂಚಿನಲ್ಲಿ ತುಸು ಓರೆಯಾಗಿ ಹೋದದ್ದಕ್ಕೆ ಹತ್ತರಗಿಯ ಹುಡುಗಿ ತಂಬಾಕಿನ ಮನೆಯ ತೊಲೆ ನೋಡುವವನ ಜೊತೆ ಬಾಳಬೇಕು. ಆದರೂ ಏನು ಮಾಡಲಿ? ಓದುತ್ತೇನೆಂದು ಮಾತು ಕೊಟ್ಟಿದ್ದೆ. ಸುಳ್ಳು ಹೇಳಲು ಹೋದರೆ ನನ್ನ ಕಿವಿ ಕೆಂಪಾಗುತ್ತದೆ, ಚಿಕ್ಕಂದಿನಿಂದಲೂ ಹಾಗೆಯೇ.

ಬನ್ನಿಯ ಸಂಜೆ ಪಡಸಾಲೆಯಲ್ಲಿ ಎರಡೂ ಮನೆಯ ಹಿರಿಯರು ಎದುರು ಬದುರು ಜಮಖಾನೆಯ ಮೇಲೆ ಕುಳಿತರು. ಕಟ್ಟೆಯವರೆಲ್ಲ ಅಂಗಳದಲ್ಲಿ ನೆರೆದರು. ಬನ್ನಿ ಕೊಟ್ಟು ತೆಗೆದುಕೊಂಡು, ಬಂಗಾರದಂಗ ಇರೂಣು ಎಂದು ಒಬ್ಬರ ಕಾಲು ಒಬ್ಬರು ಮುಟ್ಟಿದ್ದಾಯಿತು. ಪಾರವ್ವ ಬನ್ನಿಯ ತಾಟು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಪತ್ರಿಕೆ ಬಿಚ್ಚಿ, ಕೆಮ್ಮಿ, ಇದ್ದದ್ದನ್ನು ಇದ್ದಂತೆ ಓದಿದೆ.

“ಚುಟ್ಟಾದಾಂವ ನೂರಾ ನಲವತ್ತೆಂಟು. ಟೊಪ್ಪಿಗಿಯಾಂವ ನೂರಾ ನಲವತ್ತೊಂಬತ್ತು.”

ಆದ್ದರಿಂದ, ಎಂದು ಮುಂದಿನ ಮಾತಿಗೆ ಬಾಯಿ ತೆರೆದೆ. ಅಷ್ಟರಲ್ಲಿ ಮಾವನವರು ತೊಡೆ ತಟ್ಟಿದರು.

“ನಿಲ್ಲರಿ! ಒಂಬತ್ತು ಹೆಚ್ಚೋ, ಎಂಟು ಹೆಚ್ಚೋ? ಒಂಬತ್ತು! ಒಂದ ಹೊಡತ ಹೆಚ್ಚಿಗಿ ಹೊಡದು ಟೊಪ್ಪಿಗಿಯಾಂವ ಗೆದ್ದ! ಮಮದಾಪುರಕ್ಕ ಹೆಣ್ಣು ಕೊಟ್ಟೆ!” ಎಂದವರೇ ನನ್ನ ಕಡೆ ತಿರುಗಿದರು. “ಖರೆ ಹೌದಲ್ರಿ, ಅಳಿಯಾರ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಶ್ರಾವಣದಿಂದ ಇಲ್ಲಿಯವರೆಗೆ ಈ ಒಂದು ತಪ್ಪನ್ನು ತಿದ್ದಲು ನಾನು ಪಟ್ಟ ಪಾಡು ನಿಮಗೆ ಹೇಳಿದ್ದೇನೆ. ಕಡಿಮೆ, ಕಡಿಮೆ, ಕಡಿಮೆ ಎಂಬ ಶಬ್ದ ನಾಲಗೆಯ ತುದಿಗೆ ಬಂದು ನಿಂತಿತ್ತು. ಜೋಳದ ಕಾಳಿಟ್ಟು ತೋರಿಸಿದವನು ನಾನು. ಬಾಗಿಲಲ್ಲಿ ಪಾರವ್ವ ತಾಟಿನ ಮೇಲಿನ ಬನ್ನಿಯ ಎಲೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದಳು. ನಾನು ಪತ್ರಿಕೆಯನ್ನು ಮಡಿಸಿದೆ. ಮತ್ತೊಮ್ಮೆ ಮಡಿಸಿದೆ. ಆಮೇಲೆ ಕುಡಿಯಲು ನೀರು ಕೇಳಿದೆ. ಅಷ್ಟೆ.

ಕಣಗಲಾದ ಹಿರಿಯರು ನಿಟ್ಟುಸಿರು ಬಿಟ್ಟು, “ಒಂದ ಹೊಡತದಾಗ ಹೋತು ನೋಡ್ರಿ. ಇರಲಿ, ಅಮೆರಿಕಾದಾಂವಗ ಯಾರಿಗೆ ಬಯ್ಯಾಕ ಬರ್ತೈತಿ?” ಎಂದು ಎದ್ದು, ಮಮದಾಪುರದವರನ್ನು ಅಪ್ಪಿಕೊಂಡರು. ಊಟ ಮಾಡಿಯೇ ಹೋದರು. ಅವರ ಹುಡುಗನಿಗೆ ಆ ವರ್ಷವೇ ಬೇರೆ ಕಡೆ ಲಗ್ನವಾಯಿತು. ಆ ಮನೆಯ ತೊಲೆಗಳು ನಮ್ಮ ಮಾವನವರ ಮನೆಯವಕ್ಕಿಂತ ದಪ್ಪವಂತೆ. ಪಾರವ್ವ ಮಮದಾಪುರದ ಸೊಸೆಯಾದಳು. ನಾನು ಮಾತ್ರ ಬಹಳ ದಿನ ನನ್ನ ಮೌನವನ್ನು ಮೆಚ್ಚಿಕೊಳ್ಳುತ್ತ ತಿರುಗಿದೆ. ಸುಳ್ಳು ಹೇಳಲಿಲ್ಲ, ಹುಡುಗಿಯನ್ನೂ ಉಳಿಸಿದೆ, ಪಾಪ ಮುಗ್ಧ ಮಾವನವರಿಗೆ ಏನೂ ತಿಳಿಯಲಿಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಮದುವೆಯ ಗದ್ದಲ ಮುಗಿದ ಮೇಲೆ ಮಾವನವರು ಗೋಕಾಕಕ್ಕೆ ಬಂದರು. ಫಾಲ್ಸು ತೋರಿಸಲು ಕರೆದೊಯ್ದೆ. ಮೇಲಿನ ಬಯಲಿನಲ್ಲಿ ಸಾಹೇಬರು ಬೆಳಗಾವಿಯ ಗೆಳೆಯರೊಬ್ಬರ ಜೊತೆ ಆಡುತ್ತಿದ್ದರು. ಸಾಹೇಬರ ಚೆಂಡು ಕವಳಿಕಂಟಿಯೊಳಗೆ ಹೊಕ್ಕು ಕುಳಿತಿತ್ತು. ಅವರು ಹೊಡೆದೇ ಹೊಡೆದರು. ಎಲೆ ಹಾರಿದವು, ಮಣ್ಣು ಹಾರಿತು, ಚೆಂಡು ಮಿಸುಕಲಿಲ್ಲ. ಮಾವನವರು ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡು ಮೆಲ್ಲಗೆ ಹೇಳಿದರು.

“ಸಾಹೇಬರು ಸೋತ್ರು ಬಿಡ್ರಿ. ಭಾಳ ಹೊಡದ್ರು.”

ನಾನು ನಿಂತಲ್ಲೇ ಬೆಪ್ಪಾದೆ. “ಅಂದ್ರ... ನಿಮಗ ಗೊತ್ತಿತ್ತೇನ್ರಿ, ಕಡಿಮಿ ಹೊಡದಾಂವ ಗೆಲ್ತಾನ ಅಂತ?”

“ಏನ್ರಿ ಅಳಿಯಾರ, ಮಳಗಾಲಪೂರ್ತಿ ಒದರಿದ್ರಿ, ಕಾಳ ಇಟ್ಟು ತೋರಿಸಿದ್ರಿ. ನನಗೇನ ಕಿವಿ ಇಲ್ಲೇನು?”

“ಮತ್ತ ಆವತ್ತ ಬನ್ನಿ ದಿವಸ?”

ಮಾವನವರು ಕಂಟಿಯ ಕಡೆಯೇ ನೋಡುತ್ತಿದ್ದರು. “ಮಗಳ ಮನಸು ಯಾವ ಕಡೆ ಐತಿ ಅಂತ ನನಗ ತಿಳೀವಲ್ತಾಗಿತ್ತು. ನನ್ನ ಮುಂದ ಆಕಿ ಹೇಳೂದಿಲ್ಲ. ಅಕ್ಕನ ಮುಂದ ಹೇಳಿರ್ತಾಳ, ಅಕ್ಕ ನಿಮ್ಮ ಮುಂದ. ಅದಕ್ಕ ತಪ್ಪ ಹೇಳಿ ನಿಮ್ಮ ಮಾರಿ ನೋಡಿದೆ. ನೀವು ತಪ್ಪ ಕಂಡ್ರ ಸುಮ್ಮ ಕೂಡೂ ಮನುಷ್ಯಾರಲ್ಲ. ತಿದ್ದಿದ್ರ, ಕಣಗಲಾನ ಗೆದ್ದಿತ್ತು, ನಾ ಮಾತು ತಪ್ಪತಿರಲಿಲ್ಲ. ನೀವು ನೀರ ಕೇಳಿದ್ರಿ. ಹುಡುಗಿಗೆ ಮಮದಾಪುರ ಬೇಕಾಗೈತಿ ಅಂತ ನನಗ ಆಗ ತಿಳೀತು.”

ಅಷ್ಟರಲ್ಲಿ ಸಾಹೇಬರ ಚೆಂಡು ಕೊನೆಗೂ ಕಂಟಿಯಿಂದ ಹೊರಬಿದ್ದು, ಯಾರೂ ಬಯಸದ ದಿಕ್ಕಿಗೆ ಹಾರಿ, ಫಾಲ್ಸಿನ ಕಮರಿಗೆ ಹೋಯಿತು. ಮಾವನವರು ಚುಕ್‌ಚುಕ್ ಎಂದು ಮರುಗಿದರು. ನನಗೆ ಚೆಂಡಿನ ಚಿಂತೆಯಿರಲಿಲ್ಲ. ಮಳೆಗಾಲವಿಡೀ ನಾನು ಭಾಷಣದ ಮೇಲೆ ಭಾಷಣ ಹೊಡೆದಿದ್ದೆ, ಮಾವನವರು ಒಂದೇ ಒಂದು ಹೊಡೆತದಲ್ಲಿ ಚೆಂಡನ್ನು ಗುಳಿಗೆ ಹಾಕಿ, ಏನೂ ತಿಳಿಯದವರ ಹಾಗೆ ರುಮಾಲು ಸುತ್ತಿಕೊಂಡು ಕುಳಿತಿದ್ದರು. ಅಂದಿನಿಂದ ಒಂದು ವಿಷಯದಲ್ಲಿ ನಾನು ಹತ್ತರಗಿಯ ಕಟ್ಟೆಯವರ ಪಕ್ಷ ಸೇರಿದ್ದೇನೆ. ಹೆಚ್ಚು ಹೊಡೆದವನೇ ಗೆದ್ದವನೆಂಬ ಅವರ ನಿಯಮ ಬಹಳ ನ್ಯಾಯವಾದದ್ದು. ಅದನ್ನು ಬಿಟ್ಟರೆ ನಾನು ಗೆಲ್ಲುವ ಬೇರೆ ದಾರಿ ನನಗೆ ಕಾಣುವುದಿಲ್ಲ.